ರಜೆಯ ಜಾಗದಲ್ಲಿ ಬಂದ ಚುಕ್ಕಿ

ಕಳೆದ ತಿಂಗಳು ಅಮ್ಮನನ್ನು ಶಿವಮೊಗ್ಗದ ವಿನೋಬನಗರದ ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಕತ್ತಲು ಕೋಣೆಯಲ್ಲಿ, ಬಿಳಿ ಬೋಗುಣಿಯನ್ನು ಅಡ್ಡ ಮಲಗಿಸಿದಂಥ ಯಂತ್ರದ ಮುಂದೆ ಗಲ್ಲ ಊರಿ ಕೂರಿಸಿ, ಅಮ್ಮನ ಕೈಗೊಂದು ಗುಂಡಿ ಕೊಟ್ಟರು. ನಡುವಿನ ಗುರುತನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಮಿಣುಕು ಕಂಡರೂ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಅದನ್ನು ಚಿಕ್ಕದಾಗಿ ಹೇಳಿದಳು: "ಲೈಟ್ ಬಂದ ತಕ್ಷಣ ಒತ್ತಿ ಆಂಟಿ."

ಹತ್ತು ನಿಮಿಷದ ನಂತರ ಹೊರಬಂದ ಕಾಗದದಲ್ಲಿ ಮುಕ್ಕಾಲು ಭಾಗ ಕಪ್ಪು. ಕಪ್ಪು ಅಂದರೆ ಅಲ್ಲಿ ದೃಷ್ಟಿ ಇಲ್ಲ ಎಂದು ಅರ್ಥ. ಹುಡುಗಿಯ ಮುಖ ಸಣ್ಣದಾಯಿತು. ನಾನು ಅಮ್ಮನ ಪಕ್ಕ ಕೂತು, "ಏನು ಕಂಡಾಗ ಒತ್ತಿದೆ?" ಎಂದು ಕೇಳಿದೆ.

"ಲೈಟ್ ಬಂದ್ರೆ ಒತ್ತು ಅಂದ್ರು. ಲೈಟ್ ಎಲ್ಲಿ ಬಂತು? ಕತ್ತಲೇಲೇ ಕೂರಿಸಿದ್ರಲ್ಲ! ಬರೀ ಚುಕ್ಕಿ ಬಂದು ಬಂದು ಹೋಗ್ತಿತ್ತು ಮಾರಾಯ್ತಿ. ಕಣ್ಣಿಗೇ ಏನೋ ಆಗಿರ್ಬೇಕು ಅಂತ ಸುಮ್ನೆ ಕೂತೆ. ಕೊನೇಲಿ ಬೇಜಾರಾಗಿ ನಾಲ್ಕು ಸಲ ಒತ್ತಿದೆ."

ಇನ್ನೊಮ್ಮೆ ಕೂರಿಸಿ, "ಚುಕ್ಕಿ ಕಂಡ್ರೆ ಒತ್ತು" ಎಂದು ನಾನೇ ಹೇಳಿದೆ. ಈ ಸಲ ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಬಿಳಿ. ಹುಡುಗಿ ನಕ್ಕಳು, ಅಮ್ಮ ಇನ್ನೂ ಜೋರಾಗಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಒಂದೇ ಕಣ್ಣಿನ ಎರಡು ಕಾಗದಗಳು ಕೈಯಲ್ಲಿದ್ದವು, ಅವುಗಳ ನಡುವೆ ಇದ್ದದ್ದು ಒಂದು ಪದ. ಮನೆಗೆ ಬಂದು ಅಟ್ಟದಿಂದ 2004ರಲ್ಲಿ ಶುರುಮಾಡಿದ್ದ ಡೈರಿ ತೆಗೆದೆ.

ಆ ವರ್ಷ ಜುಲೈಯಿಂದ ಮುಂದಿನ ಫೆಬ್ರುವರಿಯವರೆಗೆ ನಾನು, ಅಪಾಯದ ನಡುವೆ ದುಡಿಯುವವರ ಗಮನ ಎತ್ತ ಹೋಗುತ್ತದೆ ಎಂಬ ಒಂದು ಸಂಶೋಧನೆಯಲ್ಲಿ ಸಹಾಯಕಿಯಾಗಿದ್ದೆ. ಮನಶ್ಶಾಸ್ತ್ರದ ಎಂ.ಎ. ಆಗಷ್ಟೇ ಮುಗಿದಿತ್ತು. ವಾರದಲ್ಲಿ ಮೂರು ದಿನ ಶಿವಮೊಗ್ಗದಿಂದ ಭದ್ರಾವತಿ ಕಡೆಯ ಬಸ್ಸು ಹತ್ತಿ, ದಾರಿಯಲ್ಲಿ ಸಿಗುವ ಒಂದು ಫೌಂಡ್ರಿಯ ಮುಂದೆ ಇಳಿಯಬೇಕು. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಯಂತ್ರದ ಭಾಗಗಳನ್ನು ಮಾಡುವ ಜಾಗ ಅದು. ಕೆಲಸಗಾರರಲ್ಲಿ ಹೆಚ್ಚಿನವರು ಭದ್ರಾವತಿಯವರು. ಡೈರಿಯಲ್ಲಿ ಪ್ರತಿದಿನ ತಾರೀಕು, ಬಸ್ಸು ಹತ್ತಿದ ಸಮಯ, ಮಳೆಯೋ ಬಿಸಿಲೋ ಎಂಬುದಕ್ಕೆ 'ಮ' ಅಥವಾ 'ಬಿ', ಆ ದಿನ ಪರೀಕ್ಷೆಗೆ ಕೂತವರ ಲೆಕ್ಕಕ್ಕೆ ಗೀಟುಗಳು. ನಾಲ್ಕು ಗೀಟು ನೇರ, ಐದನೆಯದು ಅಡ್ಡ. ಜುಲೈ ತಿಂಗಳೆಲ್ಲ 'ಮ'. ಫೌಂಡ್ರಿಯ ಅಂಗಳದ ಕರಿ ಮರಳು ಮಳೆಗೆ ಹಿಟ್ಟಿನಂತಾಗಿ ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಮಾತ್ರ ಸುಟ್ಟ ಮರಳಿನ ಒಣ ವಾಸನೆ. ದುಪ್ಪಟ್ಟಾವನ್ನು ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ.

ನಮ್ಮ ಪರೀಕ್ಷೆ ಕೇಳಿದರೆ ಮಕ್ಕಳ ಆಟದಂತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಪದಗಳು ಮೂಡುತ್ತವೆ. ಒಂದು ಹೆದರಿಕೆಯ ಪದ, ಇನ್ನೊಂದು ಸಪ್ಪೆ ಪದ. ಅರ್ಧ ಸೆಕೆಂಡಿನಲ್ಲಿ ಎರಡೂ ಮಾಯವಾಗಿ, ಎರಡರಲ್ಲಿ ಒಂದು ಇದ್ದ ಜಾಗದಲ್ಲಿ ಒಂದು ಚುಕ್ಕಿ ಬರುತ್ತದೆ. ಚುಕ್ಕಿ ಮೇಲಿದ್ದರೆ ಒಂದು ಕೀ ಒತ್ತಬೇಕು, ಕೆಳಗಿದ್ದರೆ ಇನ್ನೊಂದು. ಎಷ್ಟು ಬೇಗ ಒತ್ತಿದರು ಎಂಬುದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಮನುಷ್ಯನ ಗಮನ ಮೊದಲೇ ಹೆದರಿಕೆಯ ಪದದ ಮೇಲೆ ನಿಂತಿದ್ದರೆ, ಅಲ್ಲಿ ಬಂದ ಚುಕ್ಕಿ ಬೇಗ ಕಾಣುತ್ತದೆ. ಅಂದರೆ ಚುಕ್ಕಿ ಬರೀ ನೆಪ. ಅದು ಕೇಳುವ ಪ್ರಶ್ನೆ ಬೇರೆ: ನಾನು ಬರುವ ಮೊದಲು ನೀನು ಎಲ್ಲಿ ನೋಡುತ್ತಿದ್ದೆ?

ನಮ್ಮ ಗೈಡ್ ಮೇಡಂ ಇಂಗ್ಲಿಷಿನ ಪಟ್ಟಿ ಕೊಟ್ಟು, ಕನ್ನಡಕ್ಕೆ ಪದಗಳನ್ನು ಹೊಂದಿಸುವ ಕೆಲಸ ನನಗೆ ವಹಿಸಿದ್ದರು. ವಿನೋಬನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತು ಎರಡು ದಿನದಲ್ಲಿ ಮುಗಿಸಿದೆ. ಸಾವು, ಗಾಯ, ಬೆಂಕಿ, ಸೈರನ್ ಒಂದು ಕಡೆ. ಎಲೆ, ಮೇಜು, ಬೋರ್ಡು, ರಜೆ ಇನ್ನೊಂದು ಕಡೆ. ಎರಡೂ ಕಡೆಯ ಪದಗಳ ಉದ್ದ ಹೆಚ್ಚುಕಡಿಮೆ ಹೊಂದಬೇಕು. 'ಸಾವು'ಗೆ 'ಎಲೆ', 'ಬೆಂಕಿ'ಗೆ 'ರಜೆ'. ಅಷ್ಟು ಚೆನ್ನಾಗಿ ಹೊಂದಿತಲ್ಲ ಎಂದು ಡೈರಿಯಲ್ಲಿ ಆ ದಿನ ಒಂದು ನಕ್ಷತ್ರ ಹಾಕಿಕೊಂಡಿದ್ದೇನೆ.

ಫೌಂಡ್ರಿಯವರು ಕ್ಯಾಂಟೀನಿನ ಪಕ್ಕದ ಪ್ರಥಮ ಚಿಕಿತ್ಸೆಯ ಕೋಣೆ ಬಿಟ್ಟುಕೊಟ್ಟರು. ಕೆಲಸಗಾರರ ಬೆರಳುಗಳು ದಪ್ಪ, ಕೀಬೋರ್ಡಿನ ಎರಡೆರಡು ಕೀಗಳನ್ನು ಒಟ್ಟಿಗೆ ಒತ್ತುತ್ತಿದ್ದವು. ಬೇಕಾದ ಎರಡು ಕೀಗಳ ಗುರುತಿಗೆ ಅಮ್ಮನ ಸ್ಟಿಕರ್ ಬೊಟ್ಟುಗಳನ್ನು ಅಂಟಿಸಿದೆ, ಮೇಲಿನದಕ್ಕೆ ಕೆಂಪು, ಕೆಳಗಿನದಕ್ಕೆ ಹಸಿರು.

ಸೆಪ್ಟೆಂಬರಿನಲ್ಲಿ ಒಂದು ದಿನ ಕ್ರೇನಿನ ಉಕ್ಕಿನ ಹಗ್ಗ ಬದಲಿಸುತ್ತಿದ್ದರು. ಕ್ರೇನ್ ನಿಂತಿದ್ದರಿಂದ ಅದರ ಮೂವರು ಡ್ರೈವರುಗಳೂ ಒಬ್ಬರ ಹಿಂದೊಬ್ಬರು ಪರೀಕ್ಷೆಗೆ ಬಂದರು. ಹೆಸರು ಬರೆಯುವಂತಿರಲಿಲ್ಲ, ಬಂದ ಕ್ರಮದಲ್ಲೇ ಸಂಖ್ಯೆ ಕೊಡುತ್ತಿದ್ದೆ. ಅವರಿಗೆ 23, 24, 25 ಬಂತು. ಇಪ್ಪತ್ತನಾಲ್ಕನೆಯವರು ಆರ್ಮುಗಂ. ಐವತ್ತು ದಾಟಿದ, ಭದ್ರಾವತಿಯ ಹೊಸಮನೆ ಬಡಾವಣೆಯವರು. ಮನೆಯಲ್ಲಿ ತಮಿಳು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಕನ್ನಡ. ಕೀಬೋರ್ಡು ನೋಡಿ ಬಾಗಿಲಲ್ಲೇ ನಿಂತರು.

"ಏನಮ್ಮಾ ಇದು, ಕಂಪ್ಯೂಟರಿಗೂ ಬೊಟ್ಟು ಇಟ್ಟಿದ್ದೀರಾ? ಮುತ್ತೈದೆ ಕಂಪ್ಯೂಟರ್ರು. ಮುಟ್ಟೋಕೆ ಮುಂಚೆ ಕೈ ತೊಳ್ಕೊಂಡು ಬರ್ತೀನಿ ತಾಳಿ."

ನಿಜವಾಗಿಯೂ ಹೋಗಿ ಕೈ ತೊಳೆದು ಬಂದರು. ಕೂತ ಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ. ಆರ್ಡರ್ ಕಮ್ಮಿ ಆಗಿದೆ, ವರ್ಷ ಕಳೆದ ಮೇಲೆ ಕ್ರೇನಿಗೆ ಒಬ್ಬನೇ ಡ್ರೈವರ್ ಅಂತ ಮಾತಾಡ್ತಾ ಇದ್ದಾರೆ. ಇದರಲ್ಲಿ ಪಾಸಾದೋನಿಗೆ ಕ್ರೇನಾ?"

"ಇಲ್ಲ, ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ಇದನ್ನ ನಾನು, ನಮ್ಮ ಮೇಡಂ ಬಿಟ್ರೆ ಯಾರೂ ನೋಡಲ್ಲ."

"ಯಾರೂ?"

"ಯಾರೂ."

"ಸರಿ. ಹತ್ತೊಂಬತ್ತು ವರ್ಷ ಆಯ್ತು ಆ ಗೂಡಲ್ಲಿ ಕೂತು. ಕೆಳಗೆ ಇಳಿದ್ರೆ ನನಗೆ ನಡೆಯೋಕೇ ಬರಲ್ಲ ಅಂತಾಳೆ ನನ್ ಹೆಂಡ್ತಿ."

ಅವರ ಗೂಡು, ಅಂದರೆ ಕ್ರೇನಿನ ಕ್ಯಾಬಿನ್, ನೆಲದಿಂದ ಎರಡು ಮಹಡಿ ಎತ್ತರದಲ್ಲಿತ್ತು. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೀಟನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು, ಕೆಳಗಿನವರ ತಲೆಗಳನ್ನು ತಪ್ಪಿಸಿ, ಅಚ್ಚುಗಳ ಸಾಲಿನ ಮೇಲೆ ತಂದು ನಿಲ್ಲಿಸುವುದು ಅವರ ಕೆಲಸ. ಬಕೀಟು ಹೊರಟಿತೆಂದರೆ ಎಚ್ಚರಿಕೆಯ ಗಂಟೆ ಮೊಳಗುತ್ತದೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ಮಧ್ಯಾಹ್ನದ ಹೊತ್ತು ನಾನು ಕೋಣೆಯ ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಆರ್ಮುಗಂ ಅವರ ಪಾಳಿಯಲ್ಲಿ ಬಕೀಟು ತೂಗಾಡುತ್ತಿರಲಿಲ್ಲ. ಎಣಿಸುವ ಚಟದವಳಾದ್ದರಿಂದ ಇದನ್ನೂ ಎಣಿಸಿ ಬರೆದಿದ್ದೇನೆ: ಒಂದು ಮಧ್ಯಾಹ್ನದಲ್ಲಿ ಹನ್ನೊಂದು ಸಲ, ಒಮ್ಮೆಯೂ ಹನಿ ಚೆಲ್ಲಲಿಲ್ಲ.

ಆ ತಿಂಗಳುಗಳಲ್ಲಿ ನನ್ನ ಬಸ್ಸಿನ ಜೊತೆಗಾತಿ ಶಬಾನಾ. ನಮ್ಮ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಬಾಳೆಗಿಡದ ಒಂದು ವೈರಸ್ ರೋಗದ ಮೇಲೆ ಕೆಲಸ ಮಾಡುತ್ತಿದ್ದಳು, ಎಲೆ ತರಲು ಭದ್ರಾವತಿ ಕಡೆಯ ತೋಟಗಳಿಗೆ ಹೋಗುತ್ತಿದ್ದಳು. ನಮ್ಮ ವಿಭಾಗದ ಎದುರಿಗೆ ಭೌತಶಾಸ್ತ್ರದ ಮಂಜುನಾಥ. ಮೂವರೂ ಸೇರಿ ಟೀ ಕುಡಿಯುವಾಗ ಒಂದು ದಿನ ಪತ್ತೆಯಾದದ್ದು, ನಾವೆಲ್ಲ ಚುಕ್ಕಿ ಇಟ್ಟೋ ಸೂಜಿ ಚುಚ್ಚಿಯೋ ನೋಡುವವರೇ ಎಂದು. ಶಬಾನಾ ಒಂದೊಂದು ಗಿಡದ ರಸವನ್ನು ಬಿಳಿ ಹಾಳೆಯಂಥ ಪೊರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದಳು. ಆಮೇಲೆ, ರೋಗದ ವೈರಸ್ಸಿಗೆ ಮಾತ್ರ ಅಂಟುವ ಒಂದು ದ್ರಾವಣದಲ್ಲಿ ಅದನ್ನು ಅದ್ದಿದರೆ, ರೋಗವಿದ್ದ ಚುಕ್ಕಿ ಬಣ್ಣ ತಾಳುತ್ತದೆ.

"ಎಲ್ಲಕ್ಕಿಂತ ಮುಖ್ಯ ಯಾವ್ದು ಗೊತ್ತಾ?" ಎಂದು ಅವಳು ಕೇಳಿದ್ದಳು. "ಗ್ಯಾರಂಟಿ ರೋಗ ಇಲ್ದಿರೋ ಗಿಡದ ಚುಕ್ಕಿ. ಅದು ಖಾಲಿ ಉಳೀಬೇಕು. ಅದೇ ಬಣ್ಣ ತಗೊಂಡ್ತು ಅಂದ್ರೆ ಮಿಕ್ಕಿದ್ದು ಎಷ್ಟೇ ಚಂದ ಬಂದಿದ್ರೂ ಇಡೀ ಹಾಳೆ ಬಿಸಾಕ್ಬೇಕು. ನಾನು ಮೂರು ಸಲ ಅತ್ತು ಬಿಸಾಕಿದೀನಿ ಮಾರಾಯ್ತಿ."

ವಸ್ತುಗಳು ಕರೆಂಟಿಗೆ ಒಡ್ಡುವ ತಡೆಯನ್ನು ಅಳೆಯುವ ಮಂಜುನಾಥನ ಉಪಕರಣಕ್ಕೆ ಸಾಲಾಗಿ ನಾಲ್ಕು ಸೂಜಿ. ಹೊರಗಿನ ಎರಡು ಸೂಜಿಗಳಿಂದ ಕರೆಂಟು ಬಿಡುತ್ತಾನೆ, ಒಳಗಿನ ಎರಡರಿಂದ ಅಳೆಯುತ್ತಾನೆ. ಎರಡೇ ಸಾಲದೇ ಎಂದು ಕೇಳಿದೆ.

"ಸಾಲಲ್ಲ. ಬಿಡೋ ಸೂಜಿಯಿಂದ್ಲೇ ಅಳೆದ್ರೆ ಸೂಜಿ ತಾಗಿರೋ ಜಾಗದ ತಡೆಯೂ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ. ಆಗ ನೀನು ವಸ್ತುನ ಅಳೀತಿಲ್ಲ, ನಿನ್ನ ಸೂಜೀನ ಅಳೀತಿದ್ದೀಯ."

ಇಬ್ಬರ ಮಾತನ್ನೂ ಆ ದಿನವೇ ಡೈರಿಗೆ ಬರೆದುಕೊಂಡೆ. ಬರೆದುಕೊಳ್ಳುವುದು ಬೇರೆ, ಅದು ನನಗೇ ಹೇಳಿದ್ದು ಎಂದು ತಿಳಿಯುವುದು ಬೇರೆ.

ಅಕ್ಟೋಬರಿಗೆ ಮಳೆ ನಿಂತಿತು. ನವೆಂಬರಿನ ಹೊತ್ತಿಗೆ ನನ್ನ ಗೀಟುಗಳು ಅರವತ್ತು ದಾಟಿದ್ದವು, ಅಂಕಿಗಳಲ್ಲಿ ವಿಚಿತ್ರವೊಂದು ಕಾಣಿಸಿತು. ಫೌಂಡ್ರಿಯವರ ಗಮನ ಹೆದರಿಕೆಯ ಪದಗಳ ಕಡೆ ಹೋಗುತ್ತಲೇ ಇರಲಿಲ್ಲ. ಸಪ್ಪೆ ಪದಗಳ ಜಾಗದಲ್ಲಿ ಬಂದ ಚುಕ್ಕಿಗೆ ಬೇಗ ಒತ್ತುತ್ತಿದ್ದರು, ಹೆದರಿಕೆಯ ಪದಗಳ ಜಾಗದಲ್ಲಿ ನಿಧಾನ. ಅದರಲ್ಲೂ ಇಪ್ಪತ್ತನಾಲ್ಕನೆಯ ಸಾಲಿನಲ್ಲಿ ಈ ವ್ಯತ್ಯಾಸ ಎಲ್ಲರಿಗಿಂತ ದೊಡ್ಡದು. ಏನೋ ಹೊಸದನ್ನು ಕಂಡುಹಿಡಿದೆ ಎಂದು ನನಗೆ ಹಿಗ್ಗು. ಪಟ್ಟಿಯ ಕೊನೆಯಲ್ಲಿ 'ಷರಾ' ಎಂಬ ಒಂದು ಕಾಲಮ್ಮು ಎಳೆದು, ಆ ಸಾಲಿನ ಎದುರಿಗೆ ದುಂಡಗೆ ಬರೆದೆ: "ಅಪಾಯದಿಂದ ಗಮನ ಆಚೆ ತಿರುಗುತ್ತದೆ."

ಆ ಪಟ್ಟಿ ಮೇಜಿನ ಮೇಲೆ ತೆರೆದಿದ್ದಾಗಲೇ ಕಾರ್ಮಿಕರ ವ್ಯವಹಾರ ನೋಡಿಕೊಳ್ಳುವ ಆಫೀಸರ್ ನಾಗರಾಜ್ ಒಳಗೆ ಬಂದರು. ಕೆಟ್ಟ ಮನುಷ್ಯರಲ್ಲ. ನನಗೆ ಕೋಣೆ, ಫ್ಯಾನು, ಎರಡು ಹೊತ್ತು ಟೀ ಕೊಡಿಸಿದವರು ಅವರೇ.

"ಏನಮ್ಮ, ನಮ್ಮ ಜನರ ತಲೇಲಿ ಏನಾದ್ರೂ ಸಿಕ್ತಾ?" ಎಂದು ನಗುತ್ತ ಬಗ್ಗಿದರು.

ಪುಸ್ತಕ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ತಿಂಗಳುಗಟ್ಟಲೆ ಒಬ್ಬಳೇ ನೋಡಿದ್ದನ್ನು ಇನ್ನೊಬ್ಬರು ನೋಡಲಿ ಎಂಬ ಆಸೆ. ಹೆಸರುಗಳಂತೂ ಇಲ್ಲವಲ್ಲ ಎಂದು ನನ್ನ ಲೆಕ್ಕ. ಸಾಲುಗಳ ಮೇಲೆ ಬೆರಳಾಡಿಸಿ ವಿವರಿಸಿದೆ. ಅವರು 23, 24, 25ರ ಹತ್ತಿರ ನಿಂತರು. ಎದುರಿಗೆ ತಾರೀಕಿತ್ತು. ಹಗ್ಗ ಬದಲಿಸಿದ ದಿನ ಯಾರು ಯಾರು ಯಾವ ಕ್ರಮದಲ್ಲಿ ಕೋಣೆಗೆ ಹೋದರು ಎಂಬುದು ಕಳಿಸಿದ ಅವರಿಗೆ ಗೊತ್ತಿಲ್ಲದೇ ಇರುತ್ತದೆಯೇ? ಎರಡು ಸಲ ಷರಾ ಓದಿ, "ಚೆನ್ನಾಗಿದೆ" ಎಂದು ಹೋದರು.

ಡಿಸೆಂಬರಿನ ಮೊದಲ ವಾರ ನಾನು ಹೋದಾಗ ಆರ್ಮುಗಂ ಕೆಳಗಿದ್ದರು. ಬಕೀಟಿಗೆ ಕೊಕ್ಕೆ ಸಿಕ್ಕಿಸುವ ಕೆಲಸ. ಮೇಲೆ ಗೂಡಿನಲ್ಲಿ ಇಪ್ಪತ್ತೈದನೆಯವರು. "ಸದ್ಯಕ್ಕೆ ಅಂತ ಹೇಳಿದ್ದಾರೆ" ಎಂದರು ಆರ್ಮುಗಂ, ತಲೆ ಎತ್ತದೆ. ಅಂದು ನಾನು ಡೈರಿಯಲ್ಲಿ ಬರೆದದ್ದು: "ಬಿ. ಇಬ್ಬರು ಕೂತರು. ಆ. ಕೆಳಗೆ." ಕಾರಣ ಊಹಿಸಲಿಲ್ಲವೆಂದಲ್ಲ, ಊಹಿಸಲು ಮನಸ್ಸು ಮಾಡಲಿಲ್ಲ.

ಅದೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ದಾರಿಯುದ್ದಕ್ಕೂ ಮಂಜು. ಫೌಂಡ್ರಿಯಲ್ಲಿ ಸದ್ದೇ ಇಲ್ಲ. ಕುಲುಮೆಯಿಂದ ಹೊಗೆ ಇರಲಿಲ್ಲ. ಗೇಟಿನೊಳಗೆ ಹತ್ತಿಪ್ಪತ್ತು ಜನ ಸ್ವೆಟರು, ಮಫ್ಲರುಗಳಲ್ಲಿ ಬೋರ್ಡಿನ ಮುಂದೆ ನಿಂತಿದ್ದರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಪದ ಕಂಡಿತು ನನಗೆ.

"ಓ, ಇವತ್ತು ರಜೆನಾ!" ಎಂದೆ. ಅದನ್ನು ಹೇಳಿದ ದನಿ ನನಗೆ ಇನ್ನೂ ಕೇಳಿಸುತ್ತದೆ. ಜೋರು ಮಳೆಯ ದಿನ ಶಾಲೆಯ ಗೇಟಿನಲ್ಲಿ ಕೂಗುತ್ತಿದ್ದೆವಲ್ಲ, ಅದೇ ದನಿ.

ಆರ್ಮುಗಂ ತಿರುಗಿ ನೋಡಿದರು.

"ಹೌದಮ್ಮಾ, ರಜೆ. ಈ ವಾರ ಮೂರು ದಿನ. ಎಲ್ಲರೂ ಊಟಿಗೆ ಹೊರಟಿದ್ದೀವಿ, ಬರ್ತೀರಾ?"

ಒಬ್ಬಿಬ್ಬರು ನಕ್ಕರು. ಒಬ್ಬ ಮುದುಕರು, "ಬಿಡಪ್ಪ, ಪಾಪ, ಆ ಮಗೂಗೇನು ಗೊತ್ತು" ಎಂದರು. ಆ 'ಪಾಪ' ನನಗೆ ಊಟಿಗಿಂತ ಹೆಚ್ಚು ಚುಚ್ಚಿತು. ಬೋರ್ಡನ್ನು ಪೂರ್ತಿ ಓದಿದೆ. ಗುರುವಾರದಿಂದ ಶನಿವಾರದವರೆಗೆ ರಜೆ. ಅಂದರೆ ಆ ಮೂರು ದಿನದ ಕೂಲಿ ಇಲ್ಲ. ಕೆಳಗೆ ಯಾವ ಯಾವ ವಿಭಾಗ ಎಂಬ ಪಟ್ಟಿ. ಜನ ಅದನ್ನು ಓದುತ್ತಿರಲಿಲ್ಲ, ಪಕ್ಕದಲ್ಲಿದ್ದ ಮುಂದಿನ ವಾರದ ಪಾಳಿ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ಹುಡುಕುತ್ತಿದ್ದರು.

ವಾಪಸು ಬಸ್ಸಿನಲ್ಲಿ ಕೂತು ಪದಗಳ ಪಟ್ಟಿ ತೆಗೆದೆ. 'ಬೆಂಕಿ'ಯ ಜೋಡಿ 'ರಜೆ'. 'ಸೈರನ್'ನ ಜೋಡಿ 'ಬೋರ್ಡು'. ಮಾಚೇನಹಳ್ಳಿ ದಾಟುವಷ್ಟರಲ್ಲಿ ಎರಡೂ ಜೋಡಿಗಳ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೆ.

ಅನುಮಾನ ಬಂದರೆ ಸಾಲದು, ಪರೀಕ್ಷಿಸಬೇಕು. ಸೋಮವಾರ ಪದಗಳನ್ನು ಒಂದೊಂದಾಗಿ ರಟ್ಟಿನ ತುಂಡುಗಳ ಮೇಲೆ ಬರೆದುಕೊಂಡು ಕ್ಯಾಂಟೀನಿಗೆ ಹೋದೆ. ಮನಸ್ಸಿಗೆ ಕಸಿವಿಸಿ ಆಗುವುದನ್ನು ಒಂದು ಕಡೆ, ಏನೂ ಆಗದ್ದನ್ನು ಇನ್ನೊಂದು ಕಡೆ ಇಡಿ ಎಂದೆ. ಊಟದ ಡಬ್ಬಿಗಳನ್ನು ಸರಿಸಿ ನಾಲ್ಕೈದು ಜನ ಆಟಕ್ಕೆ ಕೂತ ಹಾಗೆ ಕೂತರು. 'ಸಾವು', 'ಗಾಯ' ಕಸಿವಿಸಿಯ ಕಡೆ ಹೋದವು. 'ಬೆಂಕಿ' ಬಂದಾಗ ಎತ್ತಿಕೊಂಡ ಕೈ ಎರಡನೆಯ ಕಡೆ ಇಟ್ಟಿತು.

"ಬೆಂಕಿಗೆ ಹೆದರಿಕೆ ಇಲ್ವಾ?" ಎಂದೆ.

"ಬೆಂಕಿ ಇದ್ರೆ ಕೆಲಸ ಇದೆ ಅಂತ ಅಲ್ವಾ ಮೇಡಂ. ಆರಿದ್ರೆ ಹೆದರಿಕೆ."

'ಸೈರನ್' ಕೂಡ ಅದೇ ಕಡೆ ಹೋಯಿತು. ಸೈರನ್ ಅಂದರೆ ಪಾಳಿ ಶುರು, ಸೈರನ್ ಅಂದರೆ ಊಟ. 'ಬೋರ್ಡು' ಬಂತು, ಕಸಿವಿಸಿಯ ಕಡೆ. 'ರಜೆ'ಯನ್ನು ಯಾರೂ ಎತ್ತಿಕೊಳ್ಳಲಿಲ್ಲ. ಆರ್ಮುಗಂ ಅದನ್ನು ಒಂದು ಬೆರಳಿನಿಂದ ತಳ್ಳಿ 'ಸಾವು' ರಟ್ಟಿನ ಪಕ್ಕಕ್ಕೆ ಸೇರಿಸಿದರು.

ಖಾಲಿ ಉಳಿಯಬೇಕಾಗಿದ್ದ ಚುಕ್ಕಿ ಬಣ್ಣ ತಾಳಿತ್ತು. ಅಷ್ಟು ತಿಂಗಳು ನಾನು ಅಳೆದದ್ದು ಅವರ ಗಮನವನ್ನಲ್ಲ, ವಿನೋಬನಗರದ ನನ್ನ ಊಟದ ಮೇಜನ್ನು. ಆರ್ಮುಗಂ ಅಪಾಯದಿಂದ ಕಣ್ಣು ತಿರುಗಿಸಿರಲಿಲ್ಲ. ಪ್ರತಿ ಸಲವೂ ಅಪಾಯವನ್ನೇ, ಎಲ್ಲರಿಗಿಂತ ಮೊದಲು, ನೋಡಿದ್ದರು. ಅದನ್ನು ನಾನು ಸಪ್ಪೆ ಎಂದು ಬರೆದುಕೊಂಡಿದ್ದೆ.

ಕಾಲೇಜಿಗೆ ಹೋಗಿ ಗೈಡ್ ಮೇಡಂಗೆ ಎಲ್ಲ ಹೇಳಿದೆ. ಪಟ್ಟಿಯ ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಓದಿ ಒಪ್ಪಿದ್ದೆನಲ್ಲ" ಎಂದರು. ಷರಾ ಮತ್ತು ಆಫೀಸರ ವಿಷಯ ಹೇಳಿದಾಗ ಮಾತ್ರ ದನಿ ಗಟ್ಟಿಯಾಯಿತು.

"ಪದ ತಪ್ಪಿದ್ದು ಇಬ್ಬರ ತಪ್ಪು. ತೋರಿಸಿದ್ದು ನಿಂದು. ಪಟ್ಟಿ ಸರಿ ಇದ್ದಿದ್ರೂ ಇದು ಗುಂಪಿನ ಬಗ್ಗೆ ಏನೋ ಒಂದು ಮಾತು ಹೇಳಬಹುದು ಅಷ್ಟೇ. ಒಬ್ಬ ಮನುಷ್ಯನ ಅಂಕಿ ಇವತ್ತೊಂದು ನಾಳೆ ಒಂದು ಇರುತ್ತೆ. ಅದರ ಮುಂದೆ ಷರಾ ಬರೆಯೋಕೆ ಯಾರು ಹೇಳಿದ್ರು ನಿಂಗೆ?"

"ಎಲ್ಲಾ ಹರಿದು ಹಾಕ್ಲಾ ಮೇಡಂ?"

"ಹರೀಬೇಡ. ಒಂದು ಗೆರೆ ಎಳಿ. ಕೆಳಗೆ ಏನು ಬರೆದಿತ್ತು ಅಂತ ಓದೋಕೆ ಬರ್ಬೇಕು."

ಸಂಜೆ ಶಬಾನಾಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ನನ್ ಹಾಳೆ ಬಿಸಾಕಿದ್ರೆ ಬಾಳೆಗಿಡ ಕೋರ್ಟಿಗೆ ಹೋಗಲ್ಲ" ಎಂದಳು. "ನಿಂದು ಮನುಷ್ಯ. ಮೊದಲು ಅವರ ಹತ್ರ ಹೋಗು. ಆಮೇಲೆ ಆಫೀಸರ್."

ಜನವರಿಯ ಮೊದಲ ಸೋಮವಾರ ಊಟದ ಬಿಡುವಿನಲ್ಲಿ, ಮರಳಿನ ರಾಶಿಯ ಪಕ್ಕ, ಆರ್ಮುಗಂಗೆ ಹೇಳಿದೆ. ಯಾರೂ ನೋಡಲ್ಲ ಎಂದಿದ್ದೆ, ಆದರೆ ಆಫೀಸರು ನೋಡಿದರು, ತೋರಿಸಿದವಳು ನಾನೇ ಎಂದೆ. ನಾನು ಬರೆದಿದ್ದ ಷರಾವನ್ನು ಅಕ್ಷರ ಬಿಡದೆ ಓದಿದೆ. ಪಟ್ಟಿ ಯಾಕೆ ತಪ್ಪು ಎಂಬುದನ್ನೂ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಹಾಗಾದ್ರೆ ನನ್ನ ಗಮನ ಚೆನ್ನಾಗಿದೆ ಅಂತ ಬರೆದು ಕೊಡಿ."

"ಅದನ್ನೂ ಬರೆಯೋಕೆ ಬರಲ್ಲ. ಈ ಪರೀಕ್ಷೆ ನಿಮ್ಮ ಬಗ್ಗೆ ಏನೂ ಹೇಳಲ್ಲ. ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ. ಅಷ್ಟು ಮಾತ್ರ ಬರೀತೀನಿ."

"ಏನೂ ಹೇಳಲ್ಲ." ಅವರು ಮೇಲಿನ ಗೂಡಿನ ಕಡೆ ನೋಡಿದರು. "ಏನೂ ಹೇಳಲ್ಲ ಅಂದ್ರೆ ಇಷ್ಟು ತಿಂಗಳು ಯಾಕೆ ಬಂದ್ರಿ ಇಲ್ಲಿಗೆ?"

ಅವರು ಎದ್ದು ಹೋದರು. ಹೋಗುವಾಗ 'ಅಮ್ಮಾ' ಎನ್ನಲಿಲ್ಲ.

ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲನೆಯದು ಮೂರು ಪುಟ, ಕೊನೆಯದು ಅರ್ಧ ಪುಟ. ಪದಗಳ ಪಟ್ಟಿಯನ್ನು ಈ ಜಾಗ ತಿಳಿಯದೆ ಮಾಡಲಾಗಿದೆ. 'ರಜೆ' ಮತ್ತು 'ಬೋರ್ಡು' ಇಲ್ಲಿನವರಿಗೆ ಸಾಮಾನ್ಯ ಪದಗಳಲ್ಲ, ಹೆದರಿಕೆಯ ಪದಗಳು. ಆದ್ದರಿಂದ ಇಲ್ಲಿ ತೆಗೆದ ಯಾವ ಅಂಕಿಯನ್ನೂ ಯಾರ ಕೆಲಸದ ವಿಷಯದಲ್ಲೂ ಬಳಸಬಾರದು. ನಾನು ಬರೆದ ಷರಾ ತಪ್ಪು, ಅದನ್ನು ತೋರಿಸಿದ್ದೂ ತಪ್ಪು. ಕೆಳಗೆ ಮೇಡಂ ಸಹಿ, ಅದರ ಕೆಳಗೆ ನನ್ನದು.

ನಾಗರಾಜ್ ನಿಂತುಕೊಂಡೇ ಓದಿದರು. "ನಾನು ಅದೊಂದನ್ನೇ ನೋಡಿ ಇಳಿಸ್ಲಿಲ್ಲ" ಎಂದರು ಮೊದಲು. ಪತ್ರ ಮಡಚುತ್ತ, "ಆದ್ರೆ ಅದು ನನ್ನ ತಲೇಲಿತ್ತು" ಎಂದರು. ಆಮೇಲೆ ಬೇರೆಯೇ ಏನೋ ಯೋಚಿಸುತ್ತಿದ್ದವರಂತೆ, "ರಜೆ ಅನ್ನೋದಕ್ಕೆ ಹೆದರ್ತಾರಾ? ಆ ಬೋರ್ಡು ಬರೆಯೋನು ನಾನೇ. ಕೆಲಸ ಇಲ್ಲ ಅಂತ ಬರೆದ್ರೆ ಬೇಜಾರಾಗುತ್ತೆ ಅಂತಲೇ ನಾನು ರಜೆ ಅಂತ ಬರೀತಿದ್ದೆ."

"ನಾನೂ ಅದನ್ನ ಹಾಗೇ ಓದಿದೆ ಸರ್."

"ಸರಿ, ಮೂವರಲ್ಲಿ ನಾನು ಈಗ ಹೇಗೆ ಆರಿಸ್ಲಿ?"

"ಕ್ರೇನ್ ಮೇಲೆ ಕೂರಿಸಿ ನೋಡಿ ಸರ್" ಎಂದೆ. ಇಷ್ಟು ಹೇಳುವುದಕ್ಕೆ ಎಂ.ಎ. ಬೇಕಾಗಿರಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ ಹಾಗೇ ಮಾಡಿದರು. ಬಿಸಿಲು ಆಗಲೇ ಏರುತ್ತಿತ್ತು, ತಗಡಿನ ಚಾವಣಿ ಟಿಕ್ ಟಿಕ್ ಎನ್ನುತ್ತಿತ್ತು. ಫೋರ್ಮನ್ ಕೊಕ್ಕೆಗೆ ಖಾಲಿ ಬಕೀಟು ಹಾಕಿಸಿ, ಬಕೀಟಿನ ತಳದಿಂದ ದಾರದಲ್ಲಿ ಒಂದು ನಟ್ಟು ಇಳಿಬಿಟ್ಟ. ನೆಲದ ಮೇಲೆ ದೂರದೂರಕ್ಕೆ ಸೀಮೆಸುಣ್ಣದಲ್ಲಿ ಆರು ಚುಕ್ಕಿ ಇಟ್ಟ. ಅವನು ಕೂಗಿದ ಚುಕ್ಕಿಯ ಮೇಲೆ ನಟ್ಟನ್ನು ತಂದು ನಿಲ್ಲಿಸಬೇಕು. ಹೊಸ ಡ್ರೈವರುಗಳನ್ನು ತೆಗೆದುಕೊಳ್ಳುವಾಗ ಆ ಫೌಂಡ್ರಿಯಲ್ಲಿ ಮೊದಲಿನಿಂದಲೂ ನಡೆದುಬಂದ ರೀತಿಯಂತೆ; ನಾನು ಕೇಳಿಯೇ ಇರಲಿಲ್ಲ. ಇಪ್ಪತ್ತಮೂರನೆಯವರ ನಟ್ಟು ಎರಡು ಚುಕ್ಕಿಗಳಿಂದ ಗೇಣಷ್ಟು ದೂರ ನಿಂತಿತು. ಇಪ್ಪತ್ತೈದನೆಯವರದು ಆರರ ಮೇಲೂ ಸರಿಯಾಗಿ ನಿಂತಿತು. ಆಮೇಲೆ ಆರ್ಮುಗಂ ಏಣಿ ಹತ್ತಿದರು. ಎರಡು ತಿಂಗಳು ಕೆಳಗಿದ್ದವರು. ಮೊದಲ ಚುಕ್ಕಿಯ ಹತ್ತಿರ ನಟ್ಟು ಸ್ವಲ್ಪ ತೂಗಾಡಿತು. ಫೋರ್ಮನ್ ಕೈ ಎತ್ತಿ ಕಾದ. ತೂಗಾಟ ನಿಂತಾಗ ಚುಕ್ಕಿ ನಟ್ಟಿನ ಅಡಿಗೆ ಮುಚ್ಚಿಹೋಗಿತ್ತು. ಉಳಿದ ಐದಕ್ಕೆ ಕಾಯಬೇಕಾಗಲಿಲ್ಲ.

ನನ್ನ ಕೈಯಲ್ಲಿ ಗಡಿಯಾರವಿತ್ತು. ಸಮಯ ಬರೆದುಕೊಳ್ಳಲಿಲ್ಲ. ಆ ತಾರೀಕಿನ ಪುಟದಲ್ಲಿ 'ಬಿ' ಬಿಟ್ಟರೆ ಬೇರೆ ಗುರುತಿಲ್ಲ.

ಎರಡು ದಿನದ ನಂತರ, ನನ್ನ ಕೊನೆಯ ದಿನ, ಕಂಪ್ಯೂಟರನ್ನು ಆಟೋಗೆ ಹಾಕಿಸಿ ಗೇಟಿನ ಹತ್ತಿರ ಬರುವಾಗ ಬೋರ್ಡಿನ ಮುಂದೆ ಮತ್ತೆ ಜನ. ಆರ್ಮುಗಂ ಗುಂಪಿನಿಂದ ಆಚೆ, ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದರು.

"ನೀವೇ ಓದಿ ಹೇಳಿ" ಎಂದರು. "ನನಗೆ ಬೋರ್ಡು ಮೊದಲು ಕಾಣುತ್ತೆ, ಅಕ್ಷರ ಕಾಣಲ್ಲ. ನಿಮ್ಮ ಕಂಪ್ಯೂಟರಿಗೂ ಗೊತ್ತಲ್ಲ ಅದು."

ನಾನು ಗುಂಪಿನೊಳಗೆ ನುಗ್ಗಿ, ಕೇಳುವಷ್ಟು ಜೋರಾಗಿ ಓದಿದೆ. "ಕ್ರೇನ್. ಸೋಮವಾರ, ಮಂಗಳವಾರ, ಬುಧವಾರ. ಒಂದು ವಾರ ಆರ್ಮುಗಂ, ಇನ್ನೊಂದು ವಾರ ಇನ್ನೊಬ್ಬರು. ಹೀಗೇ ಸರದಿ." ಆ ಇನ್ನೊಬ್ಬರು ನನ್ನ ಪಟ್ಟಿಯ ಇಪ್ಪತ್ತೈದನೆಯವರು.

"ಅರ್ಧ" ಎಂದರು ಅವರು, ಇನ್ನೂ ಬೆನ್ನು ಹಾಕಿಕೊಂಡೇ. "ಆಮೇಲೆ? ಗುರುವಾರದಿಂದ ರಜೆ ತಾನೇ?"

ನಾನು ಕೆಳಗಿನ ಸಾಲು ನೋಡಿದೆ. ಅದೇ ಕೈಬರಹ, ಅದೇ ಸೀಮೆಸುಣ್ಣ.

"ಇಲ್ಲ" ಎಂದೆ. "ಗುರುವಾರದಿಂದ ಶನಿವಾರದವರೆಗೆ ಕೆಲಸ ಇಲ್ಲ, ಅಂತ ಬರೆದಿದ್ದಾರೆ."

ಆರ್ಮುಗಂ ಆಗ ತಿರುಗಿದರು. ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ತಾವೇ ಓದಿದರು, ನಿಧಾನವಾಗಿ, ಒಂದೊಂದು ಸಾಲಿಗೂ ತಲೆಯಾಡಿಸುತ್ತ.

"ಇದು ಪರ್ವಾಗಿಲ್ಲಮ್ಮಾ" ಎಂದರು. "ಇಲ್ಲ ಅಂದ್ರೆ ಇಲ್ಲ. ರಜೆ ಅನ್ನೋ ಮಾತು ಇನ್ನು ಶಾಲೆ ಮಕ್ಕಳಿಗೇ ಇರಲಿ."